ಡಿ'ಸೋಜಾ ಹೆಸರಿನ ಸಿಂಗಲ್ ಕೋಟ್

ಲಾಗಿನ್ ಪುಟದಲ್ಲಿ ಕಣ್ಣಿಗೆ ಕಾಣುವುದು ಎರಡು ಖಾನೆ, ಒಂದು ಬಟನ್. ಕೆಲಸವೆಲ್ಲ ನಡೆಯುವುದು ಅದರ ಹಿಂದೆ. ಖಾನೆಗಳಲ್ಲಿ ತುಂಬಿದ ಹೆಸರು, ಪಾಸ್‌ವರ್ಡ್ ಸರ್ವರ್‌ಗೆ ಹೋಗುತ್ತವೆ. ಅಲ್ಲಿರುವ ಪ್ರೋಗ್ರಾಂ ಅವೆರಡನ್ನೂ ಸೇರಿಸಿ ಒಂದು ವಾಕ್ಯ ಕಟ್ಟಿ ಡೇಟಾಬೇಸಿನ ಮುಂದಿಡುತ್ತದೆ. ಆ ವಾಕ್ಯಕ್ಕೆ ಕ್ವೆರಿ ಎಂದು ಹೆಸರು. ಡೇಟಾಬೇಸ್ ಗೆರೆ ಎಳೆದ ರಿಜಿಸ್ಟರ್ ಇದ್ದ ಹಾಗೆ: ಸಾಲಿಗೊಬ್ಬ ಸದಸ್ಯ, ಕಾಲಂಗಳಲ್ಲಿ ಸದಸ್ಯತ್ವದ ನಂಬರು, ಹೆಸರು, ವಿಳಾಸ, ಮೊಬೈಲ್, ಪಾಸ್‌ವರ್ಡ್. ಕ್ವೆರಿಗೆ ಹೊಂದುವ ಸಾಲು ಸಿಕ್ಕಿದರೆ ಒಳಗೆ ಬಿಡುವುದು, ಸಿಗದಿದ್ದರೆ ಹೊರಗೆ ನಿಲ್ಲಿಸುವುದು. ಲಾಗಿನ್ ಎಂದರೆ ಇಷ್ಟೇ.

ಮುಂಬಯಿಯಲ್ಲಿ ಇಂಥ ರಿಜಿಸ್ಟರುಗಳಿಗೆ ಬರವಿಲ್ಲ. ಕೋಟೆ ಪ್ರದೇಶದ ದೊಡ್ಡ ಬ್ಯಾಂಕುಗಳ ಮಾತು ಹಾಗಿರಲಿ, ಕುರ್ಲಾ, ಮುಲುಂಡ್, ಮಲಾಡ್, ಮೀರಾ ರೋಡ್‌ಗಳಲ್ಲಿರುವ ಊರಿನವರ ಸಂಘ, ಸಮಾಜದ ಸಂಘ, ಕ್ರೆಡಿಟ್ ಸೊಸೈಟಿ, ಹೌಸಿಂಗ್ ಸೊಸೈಟಿ ಎಲ್ಲಕ್ಕೂ ಸದಸ್ಯರ ಪಟ್ಟಿ ಇದೆ. ಅದು ಮೊದಲು ಬೈಂಡು ಹಾಕಿದ ಪುಸ್ತಕದಲ್ಲಿತ್ತು, ಆಮೇಲೆ ಎಕ್ಸೆಲ್ ಹಾಳೆಗೆ ಬಂತು, ಈಗ ಜಾಲತಾಣದಲ್ಲಿದೆ. ಜಾಲತಾಣ ಮಾಡಿಕೊಟ್ಟವನು ಎಷ್ಟೋ ಕಡೆ ಸಮಿತಿಯವರೊಬ್ಬರಿಗೆ ಪರಿಚಯದ ಹುಡುಗ. ಮಾಡಿಕೊಟ್ಟವನು ಆಮೇಲೆ ದುಬೈಗೋ ಬೆಂಗಳೂರಿಗೋ ಹೋಗಿರುತ್ತಾನೆ. ಲಾಗಿನ್ ಕೆಟ್ಟಾಗ ಅದನ್ನು ಬಿಚ್ಚಿ ನೋಡುವ ಕೆಲಸ ಬೇರೆ ಯಾರದೋ ತಲೆಗೆ ಬೀಳುತ್ತದೆ.

ಕ್ವೆರಿಯನ್ನು ಬರೆಯುವ ಭಾಷೆ ಎಸ್‌ಕ್ಯೂಎಲ್. ಅದನ್ನು ಕನ್ನಡದಲ್ಲಿ ಓದಿ ಹೇಳಿದರೆ ಹೀಗಿರುತ್ತದೆ: ಸದಸ್ಯರ ಪಟ್ಟಿಯಿಂದ ಸಾಲು ಕೊಡು, ಎಲ್ಲಿ ಹೆಸರು = 'ಶೆಟ್ಟಿ' ಮತ್ತು ಪಾಸ್‌ವರ್ಡ್ = 'ಅಬಕಡ'. ಶೆಟ್ಟಿ, ಅಬಕಡ ಎಂಬುವು ಹೊರಗಿನಿಂದ ಬಂದ ಮಾತು. ಉಳಿದದ್ದು ಪ್ರೋಗ್ರಾಂ ಬರೆದವನ ಅಪ್ಪಣೆ. ಎರಡರ ನಡುವೆ ಇರುವ ಬೇಲಿ ಒಂದೇ, ಅಕ್ಷರಗಳ ಆಚೀಚೆ ತಲೆಯ ಮಟ್ಟದಲ್ಲಿ ನಿಂತ ಸಣ್ಣ ಗೀಟು. ಪ್ರೋಗ್ರಾಂ ಬರೆಯುವವರು ಅದಕ್ಕೆ ಸಿಂಗಲ್ ಕೋಟ್ ಎನ್ನುತ್ತಾರೆ. ಕೋಟ್ ತೆರೆದ ಮೇಲೆ ಬರುವುದು ಹೆಸರು, ಕೋಟ್ ಮುಚ್ಚಿದ ಮೇಲೆ ಬರುವುದು ಅಪ್ಪಣೆ ಎಂದು ಡೇಟಾಬೇಸ್ ತಿಳಿಯುತ್ತದೆ.

ಬಾಂದ್ರಾದಿಂದ ವಸಾಯಿಯವರೆಗಿನ ಊರುಗಳಲ್ಲಿ ಒಂದು ಲಾಗಿನ್ ಪುಟಕ್ಕೆ ಸಿಂಗಲ್ ಕೋಟ್ ಬೇಗನೆ ಎದುರಾಗುತ್ತದೆ. ಮಂಗಳೂರು ಕಡೆಯಿಂದ ಬಂದವರಿರಲಿ, ಇಲ್ಲಿಯ ಈಸ್ಟ್ ಇಂಡಿಯನ್ ಸಮುದಾಯದವರಿರಲಿ, ಇಂಗ್ಲಿಷಿನಲ್ಲಿ ಬರೆದ ಅವರ ಮನೆತನದ ಹೆಸರುಗಳೊಳಗೇ ಅದು ಕೂತಿದೆ: ಡಿ'ಸೋಜಾ, ಡಿ'ಸಿಲ್ವಾ, ಡಿ'ಕುನ್ಹಾ, ಡಿ'ಮೆಲ್ಲೊ. ಬಂದರು ಕಾರ್ಮಿಕರ ಮುಖಂಡ ಪಿ. ಡಿ'ಮೆಲ್ಲೊ ಅವರ ಹೆಸರಿನ ರಸ್ತೆಯಲ್ಲಿ ಮನೆಯಿದ್ದವರಿಗೆ ವಿಳಾಸದ ಖಾನೆಯಲ್ಲೂ ಅದೇ ಕಾಟ. ಡಿ'ಸೋಜಾ ಎಂದು ತುಂಬಿದೊಡನೆ ಕ್ವೆರಿ ಹೀಗಾಗುತ್ತದೆ: ಹೆಸರು = 'ಡಿ'ಸೋಜಾ'. ಡೇಟಾಬೇಸ್ ಇದನ್ನು ಎಡದಿಂದ ಓದುತ್ತ ಬರುತ್ತದೆ. ಕೋಟ್ ತೆರೆಯಿತು, "ಡಿ" ಬಂತು, ಕೋಟ್ ಮುಚ್ಚಿತು, ಹೆಸರು ಮುಗಿಯಿತು. ಮುಂದೆ ಬಂದ "ಸೋಜಾ" ಯಾವ ಅಪ್ಪಣೆ? ಅಂಥ ಪದ ಎಸ್‌ಕ್ಯೂಎಲ್‌ನಲ್ಲಿ ಇಲ್ಲ. ವಾಕ್ಯ ಅಲ್ಲಿಗೇ ಮುರಿಯುತ್ತದೆ.

ಸದಸ್ಯನಿಗೆ ಕಾಣುವುದು ಬಿಳಿ ಪುಟ, ಇಲ್ಲವೆ ಎಸ್‌ಕ್ಯೂಎಲ್ ವ್ಯಾಕರಣದಲ್ಲಿ ತಪ್ಪಿದೆ ಎಂದು ಹೇಳುವ ಉದ್ದದೊಂದು ಇಂಗ್ಲಿಷ್ ಸಾಲು. ಆಫೀಸಿಗೆ ಬರುವ ದೂರು ಮಾತ್ರ ಯಾವಾಗಲೂ ಒಂದೇ: "ಲಾಗಿನ್ ಆಗುತ್ತಿಲ್ಲ." ಈ ಒಂದು ಮಾತಿನೊಳಗೆ ನಾಲ್ಕಾರು ಬೇರೆ ಬೇರೆ ಕಾಯಿಲೆಗಳು ಅಡಗಿರುತ್ತವೆ. ಡೇಟಾಬೇಸ್‌ಗೆ ಸಂಪರ್ಕವೇ ಸಿಗದಿರಬಹುದು; ಸಿಕ್ಕರೂ ಕ್ವೆರಿ ಮುರಿದಿರಬಹುದು; ಕ್ವೆರಿ ಸರಿಯಾಗಿ ಓಡಿ ಒಂದೂ ಸಾಲು ಸಿಗದಿರಬಹುದು; ಸಾಲು ಸಿಕ್ಕಿಯೂ ಪಾಸ್‌ವರ್ಡ್ ತಾಳೆಯಾಗದಿರಬಹುದು. ಇವುಗಳಲ್ಲಿ ಯಾವುದೆಂದು ತಿಳಿಯದೆ ಕೋಡಿಗೆ ಕೈಹಾಕಿದವರು ಒಂದನ್ನು ತಿದ್ದಲು ಹೋಗಿ ಇನ್ನೊಂದನ್ನು ಕೆಡಿಸಿಕೊಳ್ಳುತ್ತಾರೆ. ಮೊದಲು ನೋಡಬೇಕಾದದ್ದು ಪ್ರೋಗ್ರಾಮನ್ನಲ್ಲ, ಡೇಟಾಬೇಸ್‌ಗೆ ನಿಜವಾಗಿ ತಲುಪಿದ ಕ್ವೆರಿಯನ್ನು. ಅದನ್ನು ಲಾಗ್ ಫೈಲಿಗೆ ಬರೆಸಿ ಓದಿದರೆ ಡಿ'ಸೋಜಾ ಎಲ್ಲಿ ತುಂಡಾದರು ಎಂಬುದು ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ಪಿಎಚ್‌ಪಿ ಎಂಬ ಭಾಷೆಯಲ್ಲಿ ಬರೆದ ಹಳೆಯ ಜಾಲತಾಣಗಳಲ್ಲಿ ಇಷ್ಟೂ ಸುಲಭವಿರಲಿಲ್ಲ. ಕ್ವೆರಿ ಮುರಿದರೂ ಪ್ರೋಗ್ರಾಂ ಬಾಯಿಬಿಡದೆ ಮುಂದೆ ಸಾಗುತ್ತಿತ್ತು, ಎಡವುತ್ತಿದ್ದುದು ಹತ್ತು ಸಾಲು ಆಚೆ. 2021ರಲ್ಲಿ ಬಂದ ಪಿಎಚ್‌ಪಿ 8.1ರಿಂದ ಮೈಎಸ್‌ಕ್ಯೂಎಲ್‌ಐ ಎಂಬ ಸಂಪರ್ಕ ವ್ಯವಸ್ಥೆ ಮುರಿದ ಕಡೆಯೇ ಕೂಗಿಕೊಳ್ಳುತ್ತದೆ.

ದೋಷ ಕಂಡ ಮೇಲೆ ಜನ ಕಂಡುಕೊಳ್ಳುವ ಮೊದಲ ಪರಿಹಾರ ಸೋಮಾರಿತನದ್ದು: ಹೆಸರಿನಲ್ಲಿ ಆ ಚಿಹ್ನೆ ಬೇಡ, ಡಿಸೋಜಾ ಎಂದು ಕೂಡಿಸಿ ಬರೆಯಿರಿ ಎಂದು ಪುಟದ ಮೇಲೆ ಸೂಚನೆ ಹಾಕುವುದು. ಆಧಾರ್ ಕಾರ್ಡಿನಲ್ಲಿ, ಪ್ಯಾನ್ ಕಾರ್ಡಿನಲ್ಲಿ, ಬ್ಯಾಂಕಿನಲ್ಲಿ ಒಂದು ಹೆಸರಿದ್ದು ಸೊಸೈಟಿಯಲ್ಲಿ ಇನ್ನೊಂದಾದರೆ ಮುಂದೆ ಯಾವ ತೊಡಕು ಎಂಬುದು ಶೇರು ವರ್ಗಾವಣೆಗೆ ಅಲೆದವರಿಗೆ ಗೊತ್ತು. ಅದಕ್ಕಿಂತ ದೊಡ್ಡ ತಪ್ಪು ಬೇರೆಯೇ ಇದೆ. ಡಿ'ಸೋಜಾ ಅವರನ್ನು ಹೊರಗೆ ನಿಲ್ಲಿಸಿದ ಲಾಗಿನ್ ಪುಟ ಕಳ್ಳನನ್ನು ಒಳಗೆ ಬಿಡುವ ಪುಟವೂ ಹೌದು. ಎರಡೂ ಒಂದೇ ದೋಷ.

ಕಳ್ಳ ಮಾಡುವುದು ಇಷ್ಟು: ಡಿ'ಸೋಜಾ ಅವರ ಕೋಟ್ ತಿಳಿಯದೆ ಮುಚ್ಚಿದ ಬೇಲಿಯನ್ನು ಅವನು ತಿಳಿದೇ ಮುಚ್ಚುತ್ತಾನೆ, ಮುಚ್ಚಿದ ಮೇಲೆ ತನ್ನ ಅಪ್ಪಣೆ ಬರೆಯುತ್ತಾನೆ. ಹೆಸರಿನ ಖಾನೆಯಲ್ಲಿ ಏನೋ ಒಂದನ್ನು ತುಂಬಿ, ಪಾಸ್‌ವರ್ಡಿನ ಖಾನೆಯಲ್ಲಿ ಒಂದು ಕೋಟ್, ಅದರ ಮುಂದೆ "ಅಥವಾ '1'='1" ಎಂದು ಬರೆದರೆ ಕ್ವೆರಿಯ ಕೊನೆ ಹೀಗಾಗುತ್ತದೆ: ಹೆಸರು = 'ಏನೋ' ಮತ್ತು ಪಾಸ್‌ವರ್ಡ್ = '' ಅಥವಾ '1'='1'. ಎಸ್‌ಕ್ಯೂಎಲ್‌ನ ಲೆಕ್ಕದಲ್ಲಿ "ಮತ್ತು" ಮೊದಲು, "ಅಥವಾ" ಆಮೇಲೆ. ಮೊದಲ ಭಾಗ ಸುಳ್ಳಾದರೂ ಒಂದು ಒಂದಕ್ಕೆ ಸಮ ಎಂಬುದು ಎಂದೂ ನಿಜ. ಆದ್ದರಿಂದ ಪಟ್ಟಿಯ ಪ್ರತಿ ಸಾಲೂ ಹೊಂದುತ್ತದೆ. ಪ್ರೋಗ್ರಾಂ ಅವುಗಳಲ್ಲಿ ಮೊದಲ ಸಾಲನ್ನು ಎತ್ತಿಕೊಳ್ಳುತ್ತದೆ. ಮೊದಲ ಸಾಲಿನಲ್ಲಿ ಯಾರಿರುತ್ತಾರೆ? ಜಾಲತಾಣ ಶುರುವಾದ ದಿನ ಎಲ್ಲರಿಗಿಂತ ಮುಂಚೆ ಹೆಸರು ದಾಖಲಾದವರು. ಎಂದರೆ ಬಹುಮಟ್ಟಿಗೆ ಎಲ್ಲ ಅಧಿಕಾರವೂ ಇರುವ ಅಡ್ಮಿನ್. ಪಾಸ್‌ವರ್ಡಿನ ಒಂದಕ್ಷರವೂ ಗೊತ್ತಿಲ್ಲದವನು ಯಜಮಾನನಾಗಿ ಒಳಗೆ ಕೂರುತ್ತಾನೆ. ಇದಕ್ಕೆ ಎಸ್‌ಕ್ಯೂಎಲ್ ಇಂಜೆಕ್ಷನ್ ಎಂದು ಹೆಸರು. ಹೆಸರಿನ ಖಾನೆಯ ಮೂಲಕ ಅಪ್ಪಣೆಯನ್ನು ಚುಚ್ಚಿ ಒಳಗೆ ಬಿಡುವುದರಿಂದ ಹೆಸರು ಒಪ್ಪುವಂಥದ್ದೇ.

ಈ ದೌರ್ಬಲ್ಯ ಹುಟ್ಟಿನಿಂದ ಬಂದದ್ದು. ಡೇಟಾವನ್ನು ಕೋಷ್ಟಕಗಳಲ್ಲಿ ಇಡುವ ಸಿದ್ಧಾಂತವನ್ನು ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ 1970ರಲ್ಲಿ ಪ್ರಕಟಿಸಿದರು. ಅದೇ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1974ರಲ್ಲಿ ಕ್ವೆರಿಯ ಭಾಷೆಯನ್ನು ರೂಪಿಸಿದರು. ಪ್ರೋಗ್ರಾಂ ಬರೆಯಲು ಬಾರದ ಗುಮಾಸ್ತೆಯೂ ಟೈಪು ಮಾಡಿ ಕೇಳಬಲ್ಲ ಭಾಷೆ ಇರಲಿ ಎಂಬುದು ಅವರ ಆಸೆ. ಕೇಳುವವನು ಆಫೀಸಿನೊಳಗೆ ಕೂತ ನಂಬಿಗಸ್ಥ. ಪ್ರಶ್ನೆಯೂ ಅವನದೇ, ಅದರೊಳಗಿನ ಹೆಸರೂ ಅವನೇ ಬರೆದದ್ದು. ಬೀದಿಯಲ್ಲಿ ಹೋಗುವವನು ಬಂದು ವಾಕ್ಯದ ಅರ್ಧ ಬರೆಯುತ್ತಾನೆ ಎಂಬುದು ಆಗ ಯಾರ ಕನಸಿನಲ್ಲೂ ಇರಲಿಲ್ಲ. ವೆಬ್ ಬಂದ ಮೇಲೆ ಆದದ್ದು ಅದೇ. ಭಾರತದಲ್ಲಿ ವಿದೇಶ ಸಂಚಾರ ನಿಗಮ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್ನೆಟ್ ತೆರೆಯಿತು. ಮೂರೇ ವರ್ಷದಲ್ಲಿ, 1998ರ ಜೂನ್‌ನಲ್ಲಿ, ಪೋಖ್ರಾನ್ ಪರೀಕ್ಷೆಯನ್ನು ವಿರೋಧಿಸಿದ ಮಿಲ್‌ವರ್ಮ್ ಎಂಬ ಗುಂಪಿನ ಹುಡುಗರು ಸಮುದ್ರದಾಚೆಯಿಂದ ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದ ಕಂಪ್ಯೂಟರುಗಳಿಗೆ ನುಗ್ಗಿ ಇಮೇಲುಗಳನ್ನು ಕದ್ದರು. ಅವರು ಹೊಕ್ಕದ್ದು ಕ್ವೆರಿಯ ದಾರಿಯಿಂದಲ್ಲ. ಆ ದಾರಿಯ ವಿವರ ಅಚ್ಚಾದದ್ದು ಅದೇ ವರ್ಷದ ಡಿಸೆಂಬರಿನಲ್ಲಿ, ಫ್ರ್ಯಾಕ್ ಎಂಬ ವಿದ್ಯುನ್ಮಾನ ಪತ್ರಿಕೆಯಲ್ಲಿ. ಬರೆದವರು ಜೆಫ್ ಫಾರಿಸ್ಟಲ್.

ಆಮೇಲಿನ ಪಟ್ಟಿ ಉದ್ದವಿದೆ. ಅಮೆರಿಕದ ರಾಕ್‌ಯೂ ಕಂಪನಿ 2009ರಲ್ಲಿ ಈ ದಾರಿಯಿಂದ 3.2 ಕೋಟಿ ಪಾಸ್‌ವರ್ಡ್ ಕಳೆದುಕೊಂಡಿತು. ಅವೆಲ್ಲವೂ ಬರೆದ ಹಾಗೇ ಇಟ್ಟಂಥವು, ಅವುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಜನ ಬಳಸಿದ್ದು 123456. ಬ್ರಿಟನ್ನಿನ ಟಾಕ್‌ಟಾಕ್ ಕಂಪನಿಯಿಂದ 2015ರಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಗ್ರಾಹಕರ ವಿವರ ಹೋಯಿತು, ಮರುವರ್ಷ 4 ಲಕ್ಷ ಪೌಂಡ್ ದಂಡ ಬಿತ್ತು. ಮೂವ್‌ಇಟ್ ಎಂಬ ಕಡತ ಸಾಗಿಸುವ ತಂತ್ರಾಂಶ 2023ರಲ್ಲಿ ಇದೇ ದೋಷದಿಂದ ಜಗತ್ತಿನಾದ್ಯಂತ ಸಂಸ್ಥೆಗಳನ್ನು ಬೀದಿಗೆ ತಂದಿತು. ಮದ್ದು ಗೊತ್ತಿದ್ದೂ ಕಾಲು ಶತಮಾನ ಉಳಿದ ಕಾಯಿಲೆ ಇದು.

ಮದ್ದಿನ ಹೆಸರು ಪ್ರಿಪೇರ್ಡ್ ಸ್ಟೇಟ್‌ಮೆಂಟ್. ಬ್ಯಾಂಕಿನ ಚಲನ್ ಹಾಳೆಯನ್ನು ನೆನೆದರೆ ಇದು ಅರ್ಥವಾಗುತ್ತದೆ. ಚಲನಿನಲ್ಲಿ ಅಚ್ಚಾದ ಅಕ್ಷರ ಬೇರೆ, ಗ್ರಾಹಕ ಪೆನ್ನಿನಲ್ಲಿ ತುಂಬುವುದು ಬೇರೆ. ಹೆಸರಿನ ಜಾಗದಲ್ಲಿ "ಇವನಿಗೆ ಒಂದು ಲಕ್ಷ ಕೊಡಿ" ಎಂದು ಬರೆದರೂ ಕ್ಯಾಷಿಯರ್ ಅದನ್ನು ಒಂದು ವಿಚಿತ್ರ ಹೆಸರು ಎಂದಷ್ಟೇ ಓದುತ್ತಾನೆ. ಪ್ರಿಪೇರ್ಡ್ ಸ್ಟೇಟ್‌ಮೆಂಟಿನಲ್ಲಿ ಪ್ರೋಗ್ರಾಂ ಮೊದಲು ಅಚ್ಚು ಹಾಕಿದ ಖಾಲಿ ಫಾರಂ ಕಳಿಸುತ್ತದೆ: ಸದಸ್ಯರ ಪಟ್ಟಿಯಿಂದ ಸಾಲು ಕೊಡು, ಎಲ್ಲಿ ಹೆಸರು = ? ಎಂದು. ಡೇಟಾಬೇಸ್ ಅದನ್ನು ಓದಿ ಅರ್ಥ ಮಾಡಿ ಮುಗಿಸುತ್ತದೆ. ಹೆಸರು ಅದರ ಹಿಂದಿನಿಂದ ಬೇರೆಯಾಗಿ ಬರುತ್ತದೆ. ಅರ್ಥ ಮಾಡುವ ಕೆಲಸ ಆಗಲೇ ಮುಗಿದಿರುವುದರಿಂದ ಹೆಸರಿನೊಳಗೆ ಕೋಟ್ ಇದ್ದರೂ ಅಪ್ಪಣೆ ಇದ್ದರೂ ಅದು ಬರೀ ಅಕ್ಷರ. ಡಿ'ಸೋಜಾ ಒಳಗೆ ಬರುತ್ತಾರೆ. ಒಂದು ಒಂದಕ್ಕೆ ಸಮ ಎಂದವನಿಗೆ ಅಂಥ ಹೆಸರಿನ ಸದಸ್ಯರಿಲ್ಲ ಎಂಬ ಉತ್ತರ ಸಿಗುತ್ತದೆ.

ಈ ಬದಲಾವಣೆ ಮಾಡುವಾಗ ಆಗುವ ಎಡವಟ್ಟುಗಳು ತಮಾಷೆಯಾಗಿಯೂ ಇರುತ್ತವೆ. ಪ್ರಶ್ನಾರ್ಥಕ ಚಿಹ್ನೆಯ ಆಚೀಚೆ ಹಳೆಯ ಅಭ್ಯಾಸದಲ್ಲಿ ಕೋಟ್ ಉಳಿಸಿದರೆ ಡೇಟಾಬೇಸ್ ಪ್ರಶ್ನಾರ್ಥಕ ಚಿಹ್ನೆಯನ್ನೇ ಹೆಸರಾಗಿ ಇಟ್ಟುಕೊಂಡವರನ್ನು ಹುಡುಕುತ್ತದೆ. ಅಂಥವರು ಮುಂಬಯಿಯಲ್ಲೂ ಇಲ್ಲ. ಪಿಎಚ್‌ಪಿಯಲ್ಲಿ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸಿನ ಜತೆ ಮಾತಾಡುವ ಹಳೆಯ ಅಪ್ಪಣೆಗಳನ್ನು 2015ರ ಡಿಸೆಂಬರಿನಲ್ಲಿ ಬಂದ 7ನೆಯ ಆವೃತ್ತಿ ತೆಗೆದುಹಾಕಿತು. ಹೋಸ್ಟಿಂಗ್ ಕಂಪನಿ ತನ್ನ ಸರ್ವರ್ ಮೇಲ್ದರ್ಜೆಗೆ ಏರಿಸಿದ ಬೆಳಿಗ್ಗೆ ಎಷ್ಟೋ ಸಂಘಗಳ ಲಾಗಿನ್ ಒಂದೇಟಿಗೆ ಸತ್ತಿತು. ರಿಪೇರಿಗೆ ಬಂದವರು ಹಳೆಯ ಅಪ್ಪಣೆಯ ಹೆಸರಿಗೆ ಒಂದು "ಐ" ಅಕ್ಷರ ಸೇರಿಸಿ, ಸಂಪರ್ಕದ ಹೆಸರನ್ನು ಮುಂದಿಟ್ಟು, ಪುಟ ತೆರೆದೊಡನೆ ಬಿಲ್ಲು ಕೊಟ್ಟು ಹೋದರು. ಹೊಸ ವ್ಯವಸ್ಥೆ ಸುರಕ್ಷಿತ ಎಂಬ ನಂಬಿಕೆ ಹರಡಿತು. ಕ್ವೆರಿಯನ್ನು ಹಳೆಯ ರೀತಿಯಲ್ಲೇ ಅಂಟಿಸಿ ಕಟ್ಟುತ್ತಿದ್ದರೆ ಆ "ಐ"ಯಿಂದ ಏನೂ ಆಗದು. ಇನ್ನೊಂದು ಮಿತಿಯೂ ಇದೆ: ಖಾಲಿ ಜಾಗದಲ್ಲಿ ಮೌಲ್ಯಗಳನ್ನು ತುಂಬಬಹುದೇ ಹೊರತು ಕಾಲಮ್ಮಿನ ಹೆಸರನ್ನಲ್ಲ. ಪಟ್ಟಿಯನ್ನು ಹೆಸರಿನಂತೆ ಜೋಡಿಸಲೋ ನಂಬರಿನಂತೆ ಜೋಡಿಸಲೋ ಎಂದು ಸದಸ್ಯನನ್ನು ಕೇಳುವ ಪುಟಗಳಲ್ಲಿ, ಒಪ್ಪಿದ ನಾಲ್ಕು ಹೆಸರುಗಳ ಪಟ್ಟಿ ಪ್ರೋಗ್ರಾಮಿನೊಳಗೇ ಇದ್ದು ಬಂದ ಉತ್ತರವನ್ನು ಅದಕ್ಕೆ ತಾಳೆ ನೋಡಬೇಕು.

ಪಾಸ್‌ವರ್ಡನ್ನಂತೂ ಕ್ವೆರಿಯೊಳಗೆ ತರಲೇಬಾರದು. ಸರಿಯಾದ ಕ್ರಮದಲ್ಲಿ ಹೆಸರನ್ನು ಮಾತ್ರ ಕೊಟ್ಟು ಸಾಲನ್ನು ತರಿಸುತ್ತಾರೆ, ಪಾಸ್‌ವರ್ಡಿನ ತಾಳೆ ಪ್ರೋಗ್ರಾಂ ನೋಡುತ್ತದೆ. ಡೇಟಾಬೇಸಿನಲ್ಲಿ ಇರುವುದೂ ಪಾಸ್‌ವರ್ಡ್ ಅಲ್ಲ, ಅದನ್ನು ರುಬ್ಬಿ ತೆಗೆದ ಹ್ಯಾಶ್. ರುಬ್ಬಿದ ಹಿಟ್ಟಿನಿಂದ ಅಕ್ಕಿ ವಾಪಸು ಬಾರದ ಹಾಗೆ ಹ್ಯಾಶ್‌ನಿಂದ ಪಾಸ್‌ವರ್ಡ್ ಬಾರದು. ಹಿಂದೆ ಬಳಕೆಯಲ್ಲಿದ್ದ ಎಂಡಿ5 ವಿಧಾನ ಬಹಳ ವೇಗದ್ದು. ಕಳ್ಳ ಕೋಟಿಗಟ್ಟಲೆ ಊಹೆಗಳನ್ನು ರುಬ್ಬಿ ಹೋಲಿಸಿ ನೋಡಲು ಆ ವೇಗವೇ ಅನುಕೂಲ. 1999ರಲ್ಲಿ ಬಂದ ಬಿಕ್ರಿಪ್ಟ್ ಬೇಕೆಂದೇ ನಿಧಾನ ಮಾಡುತ್ತದೆ, ಪ್ರತಿ ಪಾಸ್‌ವರ್ಡಿಗೂ ಬೇರೆ ಬೇರೆ ಚಿಟಿಕೆ ಉಪ್ಪು ಬೆರೆಸುತ್ತದೆ; ಹಾಗಾಗಿ ಇಬ್ಬರು 123456 ಇಟ್ಟರೂ ಹ್ಯಾಶ್ ಒಂದೇ ಇರುವುದಿಲ್ಲ.

ಇಲ್ಲೊಂದು ಕುತ್ತಿಗೆಗೆ ಬರುವ ದೋಷ ಇದೆ. ಬಿಕ್ರಿಪ್ಟ್ ಹ್ಯಾಶ್‌ನ ಉದ್ದ 60 ಅಕ್ಷರ. ಪಾಸ್‌ವರ್ಡ್ ಕಾಲಮ್ಮಿಗೆ ಹಿಂದೆ ಯಾರೋ 50 ಅಕ್ಷರದ ಜಾಗ ಕೊಟ್ಟಿದ್ದರೆ, ಕಟ್ಟುನಿಟ್ಟಿಲ್ಲದ ಹಳೆಯ ಮೈಎಸ್‌ಕ್ಯೂಎಲ್ ಉಳಿದ ಹತ್ತನ್ನು ಸದ್ದಿಲ್ಲದೆ ಕತ್ತರಿಸಿ ಇಡುತ್ತದೆ. ನೋಂದಣಿ ಯಶಸ್ವಿ ಎಂದು ಪುಟ ಹೇಳುತ್ತದೆ. ಆಮೇಲೆ ಆ ಸದಸ್ಯ ಸರಿಯಾದ ಪಾಸ್‌ವರ್ಡನ್ನು ಎಷ್ಟು ಸಲ ಕೊಟ್ಟರೂ ತಾಳೆಯಾಗದು. ಕಾಲಮ್ಮನ್ನು 255ಕ್ಕೆ ಅಗಲಿಸುವುದು ಒಂದು ಸಾಲಿನ ಕೆಲಸ. ಕತ್ತರಿಸಿಹೋದ ಹತ್ತು ಅಕ್ಷರ ಮಾತ್ರ ಎಲ್ಲಿಂದಲೂ ಬಾರದು. ಎಲ್ಲರಿಗೂ ಹೊಸ ಪಾಸ್‌ವರ್ಡ್ ಇಡಿಸಬೇಕು.

ಕ್ವೆರಿ ಸರಿ ಇದ್ದು ಸಾಲು ಸಿಗದ ದೋಷಗಳು ಇವುಗಳಿಗಿಂತ ಸೂಕ್ಷ್ಮ. ಕೆಲವು ಫೋನುಗಳ ಕೀಬೋರ್ಡ್ ನೆಟ್ಟಗಿನ ಕೋಟನ್ನು ತಾನಾಗಿ ಬಾಗಿದ ಕೋಟ್ ಮಾಡುತ್ತದೆ. ಕಂಪ್ಯೂಟರಿಗೆ ಅವೆರಡೂ ಬೇರೆ ಅಕ್ಷರ. ಫೋನಿನಲ್ಲಿ ನೋಂದಾಯಿಸಿದ ಡಿ'ಸೋಜಾ ಆಫೀಸಿನ ಕಂಪ್ಯೂಟರಿನಲ್ಲಿ "ಇಲ್ಲದ ಸದಸ್ಯ" ಆಗುತ್ತಾರೆ. ಹಾಗಾದರೆ ಕನ್ನಡದಲ್ಲೇ ಡಿಸೋಜ ಎಂದು ಬರೆದರಾಯಿತಲ್ಲ, ಕೋಟ್‌ನ ಹಂಗೇ ಇಲ್ಲ ಎನಿಸಬಹುದು. ಅಲ್ಲಿ ಕಾಯುತ್ತಿರುವುದು "ಸೋ". ಅಕ್ಷರಗಳಿಗೆ ಸಂಕೇತ ಕೊಡುವ ಯುನಿಕೋಡಿನಲ್ಲಿ ಓಕಾರದ ಚಿಹ್ನೆಗೆ ಒಂದೇ ಸಂಕೇತವೂ ಇದೆ. ಒಕಾರಕ್ಕೆ ದೀರ್ಘದ ಗುರುತು ಸೇರಿಸಿಯೂ ಅದನ್ನು ಬರೆಯಬಹುದು. ಎತ್ವ, ಕೊಂಬಿನ ದೀರ್ಘ, ದೀರ್ಘದ ಗುರುತು ಎಂದು ಮೂರು ತುಂಡಾಗಿಯೂ ಬರೆಯಬಹುದು. ಪರದೆಯ ಮೇಲೆ ಮೂರೂ ಒಂದೇ "ಸೋ"; ಬೈಟುಗಳಲ್ಲಿ ಮೂರು ಬೇರೆ ಹೆಸರು. ರಾಜ್‌ಕುಮಾರ್ ಎಂಬಲ್ಲಿ ಜಕಾರಕ್ಕೆ ಕಕಾರ ಒತ್ತಾಗದಂತೆ ತಡೆಯುವ ಕಾಣದ ಅಕ್ಷರವೊಂದಿರುತ್ತದೆ, ಅದರ ಕಥೆಯೂ ಇದೇ. ಉಳಿಸುವ ಮುನ್ನವೂ ಹುಡುಕುವ ಮುನ್ನವೂ ಹೆಸರನ್ನು ಎನ್‌ಎಫ್‌ಸಿ ಎಂಬ ಒಂದೇ ಪ್ರಮಾಣಿತ ರೂಪಕ್ಕೆ ತಂದರೆ "ಸೋ" ಮೂರೂ ಒಂದಾಗುತ್ತವೆ. ಕಾಣದ ಅಕ್ಷರವನ್ನು ಬೇರೆಯಾಗಿ ತೆಗೆಯಬೇಕು.

ಉಳಿದ ಭದ್ರತೆ ಹೆಚ್ಚು ಮಾತು ಬೇಡುವುದಿಲ್ಲ. ಜಾಲತಾಣ ಡೇಟಾಬೇಸ್‌ಗೆ ಹೋಗುವ ಖಾತೆಗೆ ಸದಸ್ಯರ ಪಟ್ಟಿ ಓದುವ, ತಿದ್ದುವ ಹಕ್ಕಿದ್ದರೆ ಸಾಕು. ಕೋಷ್ಟಕವನ್ನೇ ಅಳಿಸುವ ಹಕ್ಕು ಅದಕ್ಕೇಕೆ? ತಪ್ಪಾದಾಗ ಪರದೆಯ ಮೇಲೆ "ಹೆಸರು ಅಥವಾ ಪಾಸ್‌ವರ್ಡ್ ಸರಿಯಿಲ್ಲ" ಎಂಬ ಒಂದೇ ಮಾತು ಬರಲಿ. ಡೇಟಾಬೇಸಿನ ಇಂಗ್ಲಿಷ್ ಸಾಲು ಲಾಗ್ ಫೈಲಿಗೆ ಹೋಗಲಿ, ಅದು ಕಳ್ಳನಿಗೆ ಕೋಷ್ಟಕದ ಹೆಸರನ್ನೂ ಹೇಳಿಕೊಡುತ್ತದೆ. ಐದಾರು ಸಲ ತಪ್ಪಿದ ಮೇಲೆ ಸ್ವಲ್ಪ ಹೊತ್ತು ಕಾಯಿಸಬೇಕು.

ನಿಯಮಗಳ ವಿಚಾರಕ್ಕೆ ಬಂದರೆ ಮುಂಬಯಿ ಕನ್ನಡಿಗರ ಸಂಸ್ಥೆಗಳು ಎರಡು ದೋಣಿಗಳಲ್ಲಿವೆ. 1906ರಲ್ಲಿ ಚಿತ್ರಾಪುರ ಸಾರಸ್ವತರು ಕಟ್ಟಿದ ಶಾಮರಾವ್ ವಿಠಲ್ ಬ್ಯಾಂಕ್, 1978ರಲ್ಲಿ ಬಿಲ್ಲವರ ಅಸೋಸಿಯೇಷನ್ನಿನ ಪ್ರಯತ್ನದಿಂದ ಶುರುವಾದ ಭಾರತ್ ಬ್ಯಾಂಕ್ ಮುಂತಾದವು ರಿಸರ್ವ್ ಬ್ಯಾಂಕಿನ ಕಣ್ಣಳತೆಯಲ್ಲಿವೆ. ರಿಸರ್ವ್ ಬ್ಯಾಂಕ್ ನಗರ ಸಹಕಾರಿ ಬ್ಯಾಂಕುಗಳಿಗೆ 2018ರ ಅಕ್ಟೋಬರಿನಲ್ಲಿ ಸೈಬರ್ ಭದ್ರತೆಯ ಮೂಲ ನಿಯಮಗಳನ್ನು, 2019ರ ಡಿಸೆಂಬರಿನಲ್ಲಿ ನಾಲ್ಕು ಹಂತಗಳ ವಿವರವಾದ ಚೌಕಟ್ಟನ್ನು ಕೊಟ್ಟಿತು. ಸಣ್ಣ ಕ್ರೆಡಿಟ್ ಸೊಸೈಟಿಗಳು, ಸಂಘಗಳು ಆ ಕಣ್ಣಳತೆಯ ಹೊರಗೆ. ಆದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸೆರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ ಕಂಪನಿ, ಸಂಸ್ಥೆಗಳನ್ನು ವ್ಯಾಪಕವಾಗಿ ಒಳಗೊಳ್ಳುತ್ತದೆ: ನುಗ್ಗಿದ್ದು ತಿಳಿದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಡಬೇಕು. 2023ರ ವೈಯಕ್ತಿಕ ಡೇಟಾ ರಕ್ಷಣಾ ಕಾಯ್ದೆಯಲ್ಲಿ ತಕ್ಕ ಭದ್ರತೆ ಇಡದವರಿಗೆ ದಂಡ 250 ಕೋಟಿ ರೂಪಾಯಿಯವರೆಗೆ ಇದೆ. ಲಾಗಿನ್ ಪುಟಕ್ಕೆ ಕೋಟ್ ಹಾಕಿ ನೋಡುವ ಕುತೂಹಲ ಇರುವವರಿಗೂ ಒಂದು ಮಾತು: ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಜಾಲತಾಣದಲ್ಲಿ ಇದನ್ನು ಮಾಡಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೆಯ ಸೆಕ್ಷನ್ ಪ್ರಕಾರ ಅಪರಾಧವಾಗಬಹುದು, ಶಿಕ್ಷೆ ಮೂರು ವರ್ಷದ ಜೈಲಿನವರೆಗೆ.

ಎಲ್ಲ ತಿದ್ದಿದ ಮೇಲೂ ಡಿ'ಸೋಜಾ ಲಾಗಿನ್ ಆಗದೆ ಉಳಿಯಬಹುದು. ಈ ಸಲ ದೋಷ ಪ್ರೋಗ್ರಾಮಿನಲ್ಲಿಲ್ಲ, ರಿಜಿಸ್ಟರಿನಲ್ಲಿದೆ. ಹಳೆಯ ಪಿಎಚ್‌ಪಿಯಲ್ಲಿ ಮ್ಯಾಜಿಕ್ ಕೋಟ್ಸ್ ಎಂಬ ಏರ್ಪಾಡಿತ್ತು. ಒಳಬರುವ ಪ್ರತಿ ಕೋಟ್‌ನ ಹಿಂದೆ ಅದು ತಾನಾಗಿ ಒಂದು ಓರೆಗೀಟು ಸೇರಿಸುತ್ತಿತ್ತು. 2012ರಲ್ಲಿ ಅದನ್ನು ತೆಗೆದರು. ಅಷ್ಟರಲ್ಲಿ ಬಹಳ ಕಡೆ ಪ್ರೋಗ್ರಾಂ ಬರೆದವರೂ ತಮ್ಮದೊಂದು ಗೀಟು ಸೇರಿಸಿದ್ದರಿಂದ ಹೆಸರು ಓರೆಗೀಟಿನ ಸಮೇತ, ಡಿ\'ಸೋಜಾ ಎಂದೇ, ಕೋಷ್ಟಕದಲ್ಲಿ ಕೂತಿತ್ತು. ಹಳೆಯ ಪ್ರೋಗ್ರಾಂ ಹುಡುಕುವಾಗಲೂ ಅದೇ ಗೀಟು ಸೇರಿಸಿ ಹುಡುಕುತ್ತಿದ್ದುದರಿಂದ ಲೆಕ್ಕ ಹೇಗೋ ಸರಿಹೋಗುತ್ತಿತ್ತು. ಹೊಸ ಪ್ರೋಗ್ರಾಂ ಶುದ್ಧವಾದ ಹೆಸರನ್ನು ಹುಡುಕುತ್ತದೆ, ರಿಜಿಸ್ಟರಿನಲ್ಲಿರುವುದು ಗೀಟಿನ ಹೆಸರು. ಓರೆಗೀಟು ಇರುವ ಸಾಲುಗಳನ್ನೆಲ್ಲ ಪಟ್ಟಿ ಮಾಡಿ, ಬ್ಯಾಕಪ್ ತೆಗೆದಿಟ್ಟು, ಒಂದೊಂದಾಗಿ ತಿದ್ದಬೇಕು. ತಿದ್ದುವ ಮುನ್ನ ಅದೇ ಸದಸ್ಯನಿಗೆ ಗೀಟಿಲ್ಲದ ಇನ್ನೊಂದು ಸಾಲು ಇದೆಯೇ ಎಂದು ನೋಡಬೇಕು. ಲಾಗಿನ್ ಆಗದೆ ಬೇಸತ್ತವರು ಹೊಸದಾಗಿ ನೋಂದಾಯಿಸಿಕೊಂಡಿರುವುದು ಸಾಮಾನ್ಯ. ಹಾಗಿದ್ದಲ್ಲಿ ಶೇರಿನ ಹಣ ಒಂದು ಸಾಲಿನಲ್ಲಿ, ಈಗಿನ ಮೊಬೈಲ್ ನಂಬರು ಇನ್ನೊಂದರಲ್ಲಿ ಇರುತ್ತದೆ. ಎರಡನ್ನೂ ಸೇರಿಸುವ ತೀರ್ಮಾನ ಯಾವ ಕ್ವೆರಿಯಿಂದಲೂ ಆಗುವಂಥದ್ದಲ್ಲ. ಕಪಾಟಿನಲ್ಲಿರುವ ಬೈಂಡು ಹಾಕಿದ ಪುಸ್ತಕವನ್ನು ತೆಗೆದು ಸದಸ್ಯತ್ವದ ನಂಬರು ತಾಳೆ ನೋಡಬೇಕಾಗುತ್ತದೆ.